ನೇಪಾಳದ ವಾಯುಗುಣ ನಕ್ಷೆ

ಹವಾಮಾನ ಕೇಂದ್ರಗಳಲ್ಲಿ ಹಲವು ದಶಕಗಳ ಕಾಲ ದಿನ ತಪ್ಪದೆ ಬರೆದಿಟ್ಟ ಮಳೆ ಮತ್ತು ಉಷ್ಣತೆಯ ಲೆಕ್ಕವನ್ನು ಇಡೀ ದೇಶದ ನೆಲಕ್ಕೆ ಹರಡಿ, ಎಲ್ಲಿ ಎಂಥ ವಾಯುಗುಣ ಎಂದು ಬಣ್ಣಗಳಲ್ಲಿ ತೋರಿಸುವ ಭೂಪಟವನ್ನು ವಾಯುಗುಣ ನಕ್ಷೆ ಎನ್ನುತ್ತಾರೆ. ಬಯಲು ನಾಡಿನಲ್ಲಿ ಎರಡು ಕೇಂದ್ರಗಳ ನಡುವಿನ ಊರಿನ ಮಳೆಯನ್ನು ಆ ಎರಡರ ಸರಾಸರಿಯಿಂದ ಅಂದಾಜು ಮಾಡಿದರೆ ಹೆಚ್ಚು ತಪ್ಪಾಗುವುದಿಲ್ಲ. ನೇಪಾಳದಲ್ಲಿ ಹಾಗೆ ಮಾಡಿದರೆ ನಡುವಿನ ಪರ್ವತವೇ ಲೆಕ್ಕದಿಂದ ಬಿಟ್ಟುಹೋಗಬಹುದು. ಆದ್ದರಿಂದ ಈ ದೇಶದ ವಾಯುಗುಣ ನಕ್ಷೆಯನ್ನು ಓದುವವರು ಬಣ್ಣಗಳಿಗಿಂತ ಮೊದಲು ಕೇಂದ್ರಗಳ ಚುಕ್ಕೆಗಳನ್ನು ನೋಡಬೇಕು. ಚುಕ್ಕೆ ಇರುವಲ್ಲಿ ಅಳತೆಯಿದೆ, ಇಲ್ಲದಲ್ಲಿ ತರ್ಕವಿದೆ. ಚುಕ್ಕೆಗಳು ಅತಿ ವಿರಳವಾಗಿರುವುದು ಹಿಮ ಸಂಗ್ರಹವಾಗಿ ನದಿಗಳು ಹುಟ್ಟುವ ಎತ್ತರದ ಸೀಮೆಯಲ್ಲಿ. ನೇಪಾಳದ ವಾಯುಗುಣ ಅಧ್ಯಯನದ ದೊಡ್ಡ ತೊಡಕು ಇದೇ.

ನೆಲ, ಗಾಳಿ, ಮಳೆ

ಝಾಪಾ ಜಿಲ್ಲೆಯ ಕೇಚನಾದಲ್ಲಿ ಸಮುದ್ರಮಟ್ಟದಿಂದ ಸುಮಾರು 60 ಮೀಟರ್ ಎತ್ತರದಲ್ಲಿರುವ ನೆಲ ಸಾಗರಮಾಥಾ ಅಂದರೆ ಎವರೆಸ್ಟಿನ ತುದಿಯಲ್ಲಿ 8,848.86 ಮೀಟರಿಗೆ ಮುಟ್ಟುತ್ತದೆ. ದೇಶದ ಉತ್ತರ-ದಕ್ಷಿಣ ಅಗಲ ಸರಾಸರಿ 200 ಕಿ.ಮೀ.ಗೂ ಕಡಿಮೆ. ಇಷ್ಟು ಕಿರಿದಾದ ಪಟ್ಟಿಯಲ್ಲಿ ಸಾಲ್ ಮರದ ಬಿಸಿಲು ಕಾಡಿನಿಂದ ಹಿಡಿದು ಎಂದೂ ಕರಗದ ಹಿಮದವರೆಗೆ ಎಲ್ಲವೂ ಸೇರಿಕೊಂಡಿವೆ. ದಕ್ಷಿಣದಿಂದ ಉತ್ತರಕ್ಕೆ ಹೋದರೆ ಮೊದಲು ತರಾಯಿ ಬಯಲು, ಆಮೇಲೆ ಚುರೆ ಎಂದು ಕರೆಯುವ ಶಿವಾಲಿಕ ಗುಡ್ಡಗಳು, ಮಹಾಭಾರತ ಶ್ರೇಣಿ, ಕಾಠ್ಮಂಡು ಮತ್ತು ಪೋಖರಾಗಳಿರುವ ನಡುಬೆಟ್ಟಗಳು, ಕೊನೆಗೆ ಮಹಾಹಿಮಾಲಯ. ಅದರ ಬೆನ್ನಿಗೆ ಮುಸ್ತಾಂಗ್, ಡೋಲ್ಪಾಗಳಂಥ ಒಣ ಸೀಮೆಗಳಿವೆ.

ಬಂಗಾಳ ಕೊಲ್ಲಿಯ ತೇವ ಹೊತ್ತ ಮುಂಗಾರು ಮಾರುತ ದೇಶವನ್ನು ಪೂರ್ವದ ಕಡೆಯಿಂದ ಹೊಗುತ್ತದೆ. ವರ್ಷದ ಮಳೆಯಲ್ಲಿ ಸುಮಾರು ಶೇ. 80ರಷ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ಸಾಗಿಬರುವ ಪಶ್ಚಿಮದ ಕ್ಷೋಭೆಗಳು ಮುಖ್ಯವಾಗಿ ಪಶ್ಚಿಮ ನೇಪಾಳಕ್ಕೆ ಮಳೆ ಮತ್ತು ಹಿಮ ತರುತ್ತವೆ. ಪ್ರಮಾಣ ಕಡಿಮೆಯಾದರೂ ಗೋಧಿ, ಬಾರ್ಲಿಯ ಬೆಳೆಗೂ ಎತ್ತರದ ಹಿಮರಾಶಿಗೂ ಈ ಚಳಿಗಾಲದ ತೇವವೇ ಆಧಾರ.

ವೈವಿಧ್ಯದ ಅಳತೆ ಸಿಗಬೇಕಾದರೆ ಎರಡು ಊರುಗಳನ್ನು ನೋಡಿದರೆ ಸಾಕು. ಪೋಖರಾದ ಪಶ್ಚಿಮಕ್ಕೆ 1,740 ಮೀಟರ್ ಎತ್ತರದಲ್ಲಿರುವ ಲುಮ್ಲೆಯಲ್ಲಿ ವರ್ಷಕ್ಕೆ 5,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ದೇಶದ ಮಾಪನ ಕೇಂದ್ರಗಳಲ್ಲಿ ಅತಿ ಹೆಚ್ಚು ಮಳೆ ದಾಖಲಾಗುವ ಜಾಗಗಳಲ್ಲಿ ಇದು ಮುಂಚೂಣಿಯದು. ಅಲ್ಲಿಂದ ಉತ್ತರಕ್ಕೆ ನೇರ ಗೆರೆಯಲ್ಲಿ 60 ಕಿ.ಮೀ. ಒಳಗೇ ಇರುವ ಜೋಮ್‌ಸೋಮ್‌ನಲ್ಲಿ ವರ್ಷದ ಮಳೆ 300 ಮಿ.ಮೀ. ದಾಟುವುದಿಲ್ಲ. ಲುಮ್ಲೆಯ ಕಡೆಯ ಹಳೆಯ ಮನೆಗಳಿಗೆ ಕಲ್ಲುಹಾಸಿನ ಇಳಿಜಾರು ಮಾಡು. ಮುಸ್ತಾಂಗಿನ ಮನೆಗಳಿಗೆ ಮಣ್ಣಿನ ಚಪ್ಪಟೆ ಮಾಳಿಗೆ. ಆಗುಂಬೆಯ ಮಳೆಯನ್ನೂ ಚಳ್ಳಕೆರೆಯ ಬಯಲನ್ನೂ ಬಲ್ಲ ಕನ್ನಡಿಗರಿಗೆ ಮಳೆನೆರಳು ಹೊಸ ಸಂಗತಿಯಲ್ಲ. ಆದರೆ ಕರ್ನಾಟಕದಲ್ಲಿ ಘಟ್ಟದ ಅತಿ ಎತ್ತರದ ಶಿಖರವೂ 2,000 ಮೀಟರ್ ಮುಟ್ಟುವುದಿಲ್ಲ. ಇಲ್ಲಿ ಮೋಡಕ್ಕೆ ಅಡ್ಡ ನಿಂತಿರುವ ಅನ್ನಪೂರ್ಣಾ ಮತ್ತು ಧವಳಗಿರಿ 8,000 ಮೀಟರ್ ದಾಟಿದ ಪರ್ವತಗಳು.

ಈ ಎರಡು ಪರ್ವತಗಳ ನಡುವೆ ಕಾಲಿ ಗಂಡಕಿ ನದಿ ಕೊರೆದ ಕಣಿವೆಯಲ್ಲಿ ದಿನವೂ ಒಂದು ಗಾಳಿ ಏಳುತ್ತದೆ. ಬಿಸಿಲೇರಿದಂತೆ ಉತ್ತರದ ಒಣ ಪ್ರಸ್ಥಭೂಮಿ ಕಾಯುತ್ತದೆ, ಕೆಳಗಿನ ಗಾಳಿ ಕಣಿವೆಯ ಇಕ್ಕಟ್ಟಿನಲ್ಲಿ ನುಗ್ಗಿ ಮೇಲಕ್ಕೆ ಬೀಸುತ್ತದೆ. ಮುಕ್ತಿನಾಥಕ್ಕೆ ಹೋಗಿಬಂದ ಕನ್ನಡದ ಯಾತ್ರಿಕರಿಗೆ ಇದರ ಅನುಭವವಿರುತ್ತದೆ: ಪೋಖರಾದಿಂದ ಜೋಮ್‌ಸೋಮ್‌ಗೆ ವಿಮಾನಗಳು ಬೆಳಗಿನ ಹೊತ್ತು ಮಾತ್ರ ಹಾರುತ್ತವೆ, ಮಧ್ಯಾಹ್ನದ ಗಾಳಿಯಲ್ಲಿ ಇಳಿಯುವುದು ಅಪಾಯ. ಇಂಥ ಕಣಿವೆ ಗಾಳಿ ಪಕ್ಕದ ಇಳಿಜಾರುಗಳ ಮೇಲೆ ಮೋಡ ಕಟ್ಟಿಸುತ್ತದೆ, ಕಣಿವೆಯ ತಳವನ್ನು ಒಣಗಿಸುತ್ತದೆ. ಜರ್ಮನ್ ಭೂಗೋಳಜ್ಞ ಕಾರ್ಲ್ ಟ್ರೋಲ್ 20ನೇ ಶತಮಾನದ ನಡುವಿನಲ್ಲಿ ಈ ವಿದ್ಯಮಾನವನ್ನು ವಿವರಿಸಿದ. ನಕ್ಷೆ ಮಾಡುವವರಿಗೆ ಇದರಲ್ಲೊಂದು ಎಚ್ಚರಿಕೆಯಿದೆ, ಏಕೆಂದರೆ ಬಹುಪಾಲು ಮಳೆಮಾಪಕಗಳಿರುವುದು ಕಣಿವೆಯ ತಳದ ಊರುಗಳಲ್ಲೇ.

ಕೇಂದ್ರಗಳು ಬಂದ ಬಗೆ

ನೇಪಾಳದ ಹವಾಮಾನವನ್ನು ಕ್ರಮವಾಗಿ ಬರೆದಿಟ್ಟವರಲ್ಲಿ ಮೊದಲಿಗರ ಸಾಲಿನ ಒಬ್ಬ ಕರ್ನಾಟಕಕ್ಕೂ ಪರಿಚಿತ. ಟಿಪ್ಪು ಸುಲ್ತಾನನ ಪತನದ ನಂತರ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ ಕೃಷಿ, ಬೆಳೆ, ಜನಜೀವನದ ವಿವರ ದಾಖಲಿಸಿದ ಫ್ರಾನ್ಸಿಸ್ ಬುಕಾನನ್, ಅದಾದ ಕೂಡಲೇ 1802-03ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿಯೋಗದೊಂದಿಗೆ ಕಾಠ್ಮಂಡುವಿಗೆ ಹೋದ. 1819ರಲ್ಲಿ ಅಚ್ಚಾದ ಅವನ ನೇಪಾಳ ಗ್ರಂಥದಲ್ಲಿ ಅಲ್ಲಿನ ಹವೆಯ ದಾಖಲೆಯೂ ಸೇರಿದೆ. ಮುಂದೆ ಕಂಪನಿಗೂ ನೇಪಾಳಕ್ಕೂ ನಡುವೆ ಆದ ಸುಗೌಲಿ ಒಪ್ಪಂದದ ಬಳಿಕ ಕಾಠ್ಮಂಡುವಿನಲ್ಲಿ ಬ್ರಿಟಿಷ್ ರೆಸಿಡೆನ್ಸಿ ನೆಲೆಗೊಂಡಿತು. ಆ ಆವರಣ ಈಗ ಭಾರತದ ರಾಯಭಾರ ಕಚೇರಿಯದು. ಅಲ್ಲಿನ 1920ರ ದಶಕದಿಂದೀಚಿನ ಉಷ್ಣತೆ ಮತ್ತು ಮಳೆಯ ಲೆಕ್ಕವನ್ನು ಸಂಶೋಧಕರು ಇಂದಿಗೂ ಬಳಸುತ್ತಾರೆ, ದೇಶದ ದೀರ್ಘಕಾಲದ ಏರಿಳಿತವನ್ನು ಹೇಳಬಲ್ಲ ದಾಖಲೆ ಅದರಷ್ಟು ಹಳೆಯದು ಮತ್ತೊಂದು ಸಿಗುವುದು ಕಷ್ಟ.

ರಾಣಾ ಆಡಳಿತದ ಕಾಲದಲ್ಲಿ ಕಾಠ್ಮಂಡು ಕಣಿವೆಯ ಹೊರಗಿನ ನೇಪಾಳ ಹೊರಗಿನವರಿಗೆ ಬಹುಮಟ್ಟಿಗೆ ಮುಚ್ಚಿದ ನಾಡಾಗಿತ್ತು. 1940ರ ದಶಕದ ಕೊನೆಯಲ್ಲಿ ಕೋಸಿ ನದಿಯ ಪ್ರವಾಹ ತಡೆಯುವ ಚಿಂತನೆ ಶುರುವಾದಾಗ ಆ ಜಲಾನಯನದಲ್ಲಿ ಮಳೆಮಾಪಕಗಳು ಬಂದವು. 1962ರಲ್ಲಿ ನೇಪಾಳ ಸರ್ಕಾರ ವಿದ್ಯುತ್ ಇಲಾಖೆಯ ಒಂದು ವಿಭಾಗವಾಗಿ ಜಲ ಮತ್ತು ಹವಾಮಾನದ ಕೆಲಸವನ್ನು ವ್ಯವಸ್ಥಿತವಾಗಿ ಆರಂಭಿಸಿತು. ಆ ವಿಭಾಗ ಮುಂದೆ ನೀರಾವರಿ ಇಲಾಖೆಗೆ ಸೇರಿ, 1988ರಲ್ಲಿ ಜಲ ಹಾಗೂ ಹವಾಮಾನ ಇಲಾಖೆ ಎಂಬ ಸ್ವತಂತ್ರ ಇಲಾಖೆಯಾಯಿತು. ಈ ಹುಟ್ಟಿನ ಗುರುತು ಕೇಂದ್ರಗಳ ಹಂಚಿಕೆಯಲ್ಲಿ ಇಂದಿಗೂ ಕಾಣುತ್ತದೆ. ವಿದ್ಯುತ್ತಿಗೆ, ನೀರಾವರಿಗೆ, ವಿಮಾನಗಳಿಗೆ ಬೇಕಾದಲ್ಲಿ ಕೇಂದ್ರಗಳು ದಟ್ಟವಾಗಿವೆ, ಜನವಸತಿ ತೀರಿದ ಮೇಲೆ ವಿರಳವಾಗುತ್ತವೆ.

ಬೆಳಿಗ್ಗೆ 8:45

ನಕ್ಷೆಯ ಮೂಲದಲ್ಲಿರುವುದು ಬಹಳ ಸರಳವಾದ ಒಂದು ಕೆಲಸ. ನೇಪಾಳದಲ್ಲಿ ಸಾಮಾನ್ಯವಾಗಿ ಬಳಸುವ ಮಳೆಮಾಪಕ 8 ಅಂಗುಲ ಬಾಯಿಯ ಲೋಹದ ಸಿಲಿಂಡರ್. ಒಳಗೊಂದು ಆಲಿಕೆ, ಅದರ ಕೆಳಗೆ ಕಿರಿದಾದ ಕೊಳವೆ. ಕೊಳವೆಯ ಅಡ್ಡಕೊಯ್ತದ ವಿಸ್ತೀರ್ಣ ಬಾಯಿಯ ಹತ್ತನೇ ಒಂದು ಭಾಗ ಮಾತ್ರ. ಹಾಗಾಗಿ 1 ಮಿ.ಮೀ. ಮಳೆ ಕೊಳವೆಯಲ್ಲಿ 10 ಮಿ.ಮೀ. ನೀರಾಗಿ ನಿಲ್ಲುತ್ತದೆ. ವೀಕ್ಷಕ ಅಳತೆಕೋಲನ್ನು ಅದ್ದಿ ತೆಗೆದು, ಒದ್ದೆಯಾದ ಗೆರೆಯನ್ನು ಓದಿ, ವಹಿಯಲ್ಲಿ ಬರೆದು, ನೀರು ಚೆಲ್ಲಿ ಮಾಪಕವನ್ನು ಮತ್ತೆ ಜೋಡಿಸುತ್ತಾನೆ. ಹೊತ್ತು ಬೆಳಿಗ್ಗೆ 8:45. ಭಾರತದಲ್ಲಿ ಇದೇ ಕೆಲಸ ನಡೆಯುವುದು 8:30ಕ್ಕೆ. ನೇಪಾಳದ ಗಡಿಯಾರ ಭಾರತದ್ದಕ್ಕಿಂತ 15 ನಿಮಿಷ ಮುಂದಿರುವುದರಿಂದ ಎರಡೂ ಒಂದೇ ಗಳಿಗೆ. ತರಾಯಿಯ ವೀಕ್ಷಕನೂ ಬಿಹಾರದ ವೀಕ್ಷಕನೂ ಏಕಕಾಲಕ್ಕೆ ಮಾಪಕದ ಮುಂದೆ ಬಗ್ಗಿರುತ್ತಾರೆ. ಗಡಿಯಾಚೆಗಿನ ಲೆಕ್ಕಗಳನ್ನು ಒಂದೇ ನಕ್ಷೆಯಲ್ಲಿ ಕೂಡಿಸಲು ಸಾಧ್ಯವಾಗುವುದು ಈ ಶಿಸ್ತಿನಿಂದ.

ಈ ವೀಕ್ಷಕರಲ್ಲಿ ಅನೇಕರು ಅದೇ ಊರಿನ ರೈತರು, ಶಾಲೆಯ ಮೇಷ್ಟ್ರು, ಅಂಗಡಿಯವರು. 30 ವರ್ಷದ ಸರಾಸರಿ ಎಂದರೆ ಹತ್ತು ಸಾವಿರಕ್ಕೂ ಮಿಕ್ಕಿದ ಬೆಳಗುಗಳ ಓದು. ಒಂದು ವಾರ ಮಾಪಕ ನೋಡದೆ ಬಿಟ್ಟು ಎಂಟನೇ ದಿನ ಒಟ್ಟಿಗೆ ಅಳೆದರೆ ತಿಂಗಳ ಮೊತ್ತ ಸರಿಯಾಗಿಯೇ ಬರುತ್ತದೆ, ಆದರೆ ಇಲ್ಲದ ಒಂದು ಕುಂಭದ್ರೋಣ ಮಳೆ ದಾಖಲೆಯಲ್ಲಿ ಹುಟ್ಟಿಕೊಳ್ಳುತ್ತದೆ. ಪಕ್ಕದ ಮರ ಬೆಳೆದು ಮಾಪಕದ ಮೇಲೆ ಚಾಚಿದರೆ ಮಳೆ ವರ್ಷದಿಂದ ವರ್ಷಕ್ಕೆ ಕಡಿಮೆಯಾದಂತೆ ತೋರುತ್ತದೆ. ಕೇಂದ್ರವನ್ನು ನೂರು ಮೀಟರ್ ಮೇಲಕ್ಕೆ ಸ್ಥಳಾಂತರಿಸಿದರೆ ಉಷ್ಣತೆ ಒಂದೇ ದಿನದಲ್ಲಿ ಅರ್ಧ ಡಿಗ್ರಿ ಇಳಿಯುತ್ತದೆ. ನಕ್ಷೆಗೆ ಮೊದಲು ಇವನ್ನೆಲ್ಲ ಹುಡುಕಿ ತಿದ್ದಬೇಕು. ಅಕ್ಕಪಕ್ಕದ ಕೇಂದ್ರಗಳೊಡನೆ ಹೋಲಿಸಿ ಇಂಥ ಜಿಗಿತಗಳನ್ನು ಗುರುತಿಸುವ ಈ ಕೆಲಸಕ್ಕೆ ಹೊರಗಿನ ಕೀರ್ತಿ ಏನೂ ಸಿಗುವುದಿಲ್ಲ. ನಕ್ಷೆಯ ಬೆಲೆಯನ್ನು ನಿರ್ಧರಿಸುವುದು ಮಾತ್ರ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಎತ್ತರದಲ್ಲಿ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಹಿಮದ ಹಳುಕುಗಳು ಹಗುರ. ಮಾಪಕದ ಬಾಯಿಯ ಸುತ್ತ ಗಾಳಿ ಸುಳಿದಾಗ ಅವು ಒಳಗೆ ಬೀಳದೆ ಹಾರಿಹೋಗುತ್ತವೆ. ಬಿರುಗಾಳಿಯಲ್ಲಿ ಬಿದ್ದ ಹಿಮದ ಅರ್ಧಕ್ಕಿಂತ ಹೆಚ್ಚು ಲೆಕ್ಕಕ್ಕೆ ಸಿಗದೇ ಹೋಗಬಹುದು. ಆದ್ದರಿಂದ ಎತ್ತರದ ಕೇಂದ್ರಗಳ ಮಳೆಯ ಅಂಕಿಯನ್ನು ಕನಿಷ್ಠ ಮಿತಿಯೆಂದು ತಿಳಿಯುವುದು ಕ್ಷೇಮ.

ಉಷ್ಣತೆಯ ನಕ್ಷೆ

ಮಳೆಗೆ ಹೋಲಿಸಿದರೆ ಉಷ್ಣತೆಯ ನಕ್ಷೆ ಸುಲಭ, ಏಕೆಂದರೆ ಮೇಲೇರಿದಂತೆ ಗಾಳಿ ತಣ್ಣಗಾಗುತ್ತದೆ ಎಂಬ ನಿಯಮ ಹೆಚ್ಚುಕಡಿಮೆ ಎಲ್ಲೆಡೆ ನಿಲ್ಲುತ್ತದೆ. ಪಠ್ಯಪುಸ್ತಕಗಳು ಪ್ರತಿ 1,000 ಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್ ಎಂದು ಹೇಳುತ್ತವೆ. ಆದರೆ ಮಧ್ಯ ಹಿಮಾಲಯದ ದಕ್ಷಿಣ ಇಳಿಜಾರಿನ 56 ಕೇಂದ್ರಗಳ 1985ರಿಂದ 2004ರವರೆಗಿನ ದಾಖಲೆಯನ್ನು ಪರಿಶೀಲಿಸಿದ ಒಂದು ಅಧ್ಯಯನ ವಾರ್ಷಿಕ ಸರಾಸರಿ ಇಳಿಕೆ 5.2 ಡಿಗ್ರಿ ಎಂದು ಕಂಡುಕೊಂಡಿತು. ವ್ಯತ್ಯಾಸ ಸಣ್ಣದೆನಿಸಬಹುದು. 1,300 ಮೀಟರ್ ಎತ್ತರದ ಕಾಠ್ಮಂಡುವಿನ ವಾರ್ಷಿಕ ಸರಾಸರಿಯನ್ನು ಸುಮಾರು 18 ಡಿಗ್ರಿ ಎಂದಿಟ್ಟುಕೊಂಡು ಲೆಕ್ಕ ಹಾಕೋಣ. 6.5ರ ದರದಲ್ಲಿ ಶೂನ್ಯ ಡಿಗ್ರಿಯ ಗೆರೆ ಸುಮಾರು 4,070 ಮೀಟರಿನಲ್ಲಿ ಬರುತ್ತದೆ, 5.2ರ ದರದಲ್ಲಿ 4,760 ಮೀಟರಿನಲ್ಲಿ. ನಡುವೆ 700 ಮೀಟರ್ ಎತ್ತರದ ಒಂದು ಇಡೀ ಪಟ್ಟಿ. ಅಲ್ಲಿ ಬೀಳುವುದು ಮಳೆಯೋ ಹಿಮವೋ, ನೀರು ಇಂದೇ ಹರಿಯುವುದೋ ಬೇಸಿಗೆಯವರೆಗೆ ನಿಲ್ಲುವುದೋ ಎಂಬ ತೀರ್ಮಾನವೇ ಬದಲಾಗುತ್ತದೆ.

ಈ ದರ ಋತುವಿಗೆ ತಕ್ಕಂತೆಯೂ ಬದಲಾಗುತ್ತದೆ. ಮುಂಗಾರಿನಲ್ಲಿ ಮೋಡ ಕಟ್ಟುವಾಗ ಬಿಡುಗಡೆಯಾಗುವ ಶಾಖ ಮೇಲಿನ ಗಾಳಿಯನ್ನು ಬೆಚ್ಚಗಿಡುತ್ತದೆ. ಚಳಿಗಾಲದಲ್ಲಿ ತರಾಯಿಯ ಮೇಲೆ ದಿನಗಟ್ಟಲೆ ದಟ್ಟ ಮಂಜು ಕವಿಯುತ್ತದೆ. ಸೂರ್ಯ ಕಾಣದ ಬಯಲು ನಡುಗುತ್ತಿದ್ದರೆ ಮೇಲಿನ ಬೆಟ್ಟದ ಹಳ್ಳಿಗಳಲ್ಲಿ ಬಿಸಿಲು ಕಾಯುತ್ತಿರುತ್ತದೆ. ಕಾಠ್ಮಂಡುವಿನಂಥ ಬೋಗುಣಿಯಾಕಾರದ ಕಣಿವೆಗಳಲ್ಲಿ ರಾತ್ರಿ ತಣ್ಣನೆ ಗಾಳಿ ತಳಕ್ಕಿಳಿದು ನಿಲ್ಲುತ್ತದೆ. ಒಂದೇ ದರವನ್ನು ವರ್ಷವಿಡೀ ಹಚ್ಚಿದ ನಕ್ಷೆಯಲ್ಲಿ ಇದಾವುದೂ ಕಾಣಿಸದು.

ಮಳೆಯ ನಕ್ಷೆ

ಎತ್ತರ ಹೆಚ್ಚಿದಂತೆ ಮಳೆ ಹೆಚ್ಚುತ್ತದೆ ಎಂಬ ಸೂತ್ರ ಹಿಮಾಲಯದಲ್ಲಿ ಅರ್ಧ ದಾರಿಯವರೆಗೆ ಮಾತ್ರ ನಿಜ. ಉಷ್ಣವಲಯದ ಮಳೆ ಅಳೆಯಲು 1997ರಲ್ಲಿ ಹಾರಿಸಿದ ಟಿಆರ್‌ಎಂಎಂ ಉಪಗ್ರಹದ ರೇಡಾರ್ ಮಾಹಿತಿಯನ್ನು ಬಳಸಿ ಬೋಡೋ ಬುಕ್‌ಹಾಗನ್ ಮತ್ತು ಡಗ್ಲಸ್ ಬರ್ಬ್ಯಾಂಕ್ ಹಿಮಾಲಯದ ಉದ್ದಕ್ಕೂ ಮಳೆಯ ಹಂಚಿಕೆಯನ್ನು ಪರಿಶೀಲಿಸಿದರು. ಅನೇಕ ಕಡೆ ಎರಡು ಸಮಾನಾಂತರ ಮಳೆಪಟ್ಟಿಗಳು ಕಂಡವು: ಒಂದು ಸರಾಸರಿ 900 ಮೀಟರ್ ಆಸುಪಾಸಿನ ಹೊರ ಶ್ರೇಣಿಗಳ ಮೇಲೆ, ಇನ್ನೊಂದು ಸುಮಾರು 2,100 ಮೀಟರ್ ಎತ್ತರದ ಸೀಮೆಯಲ್ಲಿ, ಮಹಾಹಿಮಾಲಯ ಏರತೊಡಗುವಲ್ಲಿ. ಅದಕ್ಕಿಂತ ಮೇಲೆ ಗಾಳಿಯಲ್ಲಿ ತೇವ ಬತ್ತುತ್ತದೆ, ಮಳೆ ಇಳಿಯುತ್ತದೆ. ಅನ್ನಪೂರ್ಣಾದ ದಕ್ಷಿಣಕ್ಕೆ ಹೊರ ಶ್ರೇಣಿಗಳು ಅಷ್ಟಾಗಿ ಎತ್ತರವಿಲ್ಲ. ಹಾಗಾಗಿ ಮೋಡಗಳು ಬಹುಪಾಲು ತೇವವನ್ನು ಉಳಿಸಿಕೊಂಡೇ ಒಳಗೆ ಬಂದು ಪೋಖರಾ-ಲುಮ್ಲೆಯ ಮೇಲೆ ಸುರಿಯುತ್ತವೆ.

ಉಪಗ್ರಹದ ಚಿತ್ರ ದೊಡ್ಡ ಹರಹನ್ನು ತೋರಿಸಿತು. ಒಂದೇ ಕಣಿವೆಯೊಳಗಿನ ಸೂಕ್ಷ್ಮ ಗೊತ್ತಾಗಲು ಮತ್ತೆ ನೆಲದ ಮಾಪಕಗಳೇ ಬೇಕಾದವು. 1999ರಿಂದ ಅಮೆರಿಕದ ಸಂಶೋಧಕರು ನೇಪಾಳದ ಇಲಾಖೆಯೊಡಗೂಡಿ ಅನ್ನಪೂರ್ಣಾದ ಪೂರ್ವಕ್ಕಿರುವ ಮರ್ಸ್ಯಾಂಗ್ದಿ ನದಿಯ ಜಲಾನಯನದಲ್ಲಿ, ಕಣಿವೆಯ ತಳದಲ್ಲೂ ಶಿಖರಸಾಲುಗಳ ಮೇಲೂ ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟರು. ಕೆಲವೇ ಕಿಲೋಮೀಟರ್ ಅಂತರದಲ್ಲಿ ಕಣಿವೆಗೂ ಸಾಲಿಗೂ ಮಳೆ ಬಹಳ ಬೇರೆಯಾಗಿತ್ತು. ಮಳೆಯ ಹೊತ್ತಿನ ವಿಷಯವೂ ಸ್ಪಷ್ಟವಾಯಿತು: ಮುಂಗಾರಿನಲ್ಲಿ ಹಿಮಾಲಯದ ಈ ಮೈಯ ಮೇಲೆ ಮಳೆಯ ಜೋರು ಮಧ್ಯರಾತ್ರಿಯಿಂದ ಬೆಳಗಿನ ಜಾವದ ಕಡೆಗಿದೆ. ಹಗಲು ಎತ್ತರದ ಸಾಲುಗಳ ಮೇಲೆ ಸಣ್ಣ ಮಳೆ, ರಾತ್ರಿ ಬೆಟ್ಟದ ಬುಡಗಳಲ್ಲಿ ಬಿರುಸು ಮಳೆ. ದಿನಕ್ಕೊಮ್ಮೆ 8:45ಕ್ಕೆ ಓದುವ ಮಾಪಕಕ್ಕೆ ಇದನ್ನು ಹೇಳಲು ಬರುವುದಿಲ್ಲ. ರಾತ್ರಿ ಮಲಗಿದವರ ಮೇಲೆ ಭೂಕುಸಿತ ಬೀಳುವ ನಾಡಿನಲ್ಲಿ ಮಳೆಯ ಹೊತ್ತು ತಿಳಿಯುವುದು ಪ್ರಾಣದ ಪ್ರಶ್ನೆ.

ಮಾಪಕವಿಲ್ಲದ ಸೀಮೆಗೆ ಇನ್ನೊಂದು ಸಾಕ್ಷಿಯೂ ಉಂಟು, ಅದು ಗಿಡಮರ. ಫ್ರೆಂಚ್ ಸಸ್ಯಪರಿಸರ ತಜ್ಞ ಜಾನ್-ಫ್ರಾಂಸ್ವಾ ದೊಬ್ರೆಮೆ 1970ರ ದಶಕದಲ್ಲಿ ನೇಪಾಳದ ಕಣಿವೆಗಳನ್ನು ನಡೆದು ಪರಿಸರ ನಕ್ಷೆಗಳ ಸರಣಿಯನ್ನು ಸಿದ್ಧಪಡಿಸಿದ. ಕೆಳಗಿನ ಇಳಿಜಾರಿನಲ್ಲಿ ಸಾಲ್, ಅದರ ಮೇಲೆ ಚೀರ್ ಪೈನ್, ತೇವವಿದ್ದ ಕಡೆ ಓಕ್ ಮತ್ತು ಪಾಚಿ ಕಟ್ಟಿದ ಗುರಾಂಸ್ ಅಂದರೆ ರೋಡೋಡೆಂಡ್ರನ್ ಕಾಡು, ಹಿಮಾಲಯದ ಬೆನ್ನಿಗೆ ಮುಳ್ಳುಪೊದೆಯ ಹುಲ್ಲುಗಾವಲು. ಕೊಂಬೆಗಳಿಂದ ಜೋತುಬಿದ್ದ ಪಾಚಿ ವರ್ಷದ ಬಹುಭಾಗ ಮೋಡ ಅಲ್ಲಿ ಕೂರುತ್ತದೆಂದು ಹೇಳುತ್ತದೆ. ಮರ ನೂರಾರು ವರ್ಷದ ಸರಾಸರಿಯನ್ನು ಮೈಯಲ್ಲಿಟ್ಟುಕೊಂಡಿರುತ್ತದೆ, ಆದರೆ ಅದನ್ನು ಮಿಲಿಮೀಟರಿನಲ್ಲಿ ಹೇಳಲಾರದು. ಅಂಕಿಗಳಿಂದ ಮಾಡಿದ ನಕ್ಷೆಯನ್ನು ಕಾಡಿನ ನಕ್ಷೆಯ ಜೊತೆ ಇಟ್ಟು ನೋಡುವ ಪದ್ಧತಿ ಈಚೆಗೆ ಕಡಿಮೆಯಾಗಿದೆ. ಇದು ಮತ್ತೆ ಬಳಕೆಗೆ ಬರಬೇಕು. ಓಕ್ ಕಾಡು ದಟ್ಟವಾಗಿರುವಲ್ಲಿ ನಕ್ಷೆ ಅರೆಶುಷ್ಕ ಬಣ್ಣ ಬಳಿದಿದ್ದರೆ ತಪ್ಪು ನಕ್ಷೆಯದೇ.

ಚುಕ್ಕೆಯಿಂದ ಬಣ್ಣಕ್ಕೆ

ಕೇಂದ್ರಗಳ ನಡುವಿನ ಖಾಲಿ ಜಾಗವನ್ನು ಲೆಕ್ಕದಿಂದ ತುಂಬುವುದಕ್ಕೆ ಗಣಿತದಲ್ಲಿ ಅಂತರ್ವೇಶನ ಎಂಬ ಹೆಸರಿದೆ. ಅಮೆರಿಕದ ಆಲ್‌ಫ್ರೆಡ್ ಥೀಸನ್ 1911ರಲ್ಲಿ ಸೂಚಿಸಿದ ವಿಧಾನದಲ್ಲಿ ಪ್ರತಿ ಜಾಗಕ್ಕೂ ಅದರ ಹತ್ತಿರದ ಕೇಂದ್ರದ ಮಳೆಯನ್ನೇ ಕೊಡಲಾಗುತ್ತದೆ. ಸಮಮಳೆ ರೇಖೆಗಳನ್ನು ಕೈಯಿಂದ ಎಳೆಯುವ ಹಳೆಯ ಪದ್ಧತಿ ಇದಕ್ಕಿಂತ ವಾಸಿ. ಬೆಟ್ಟಗಳನ್ನು ಬಲ್ಲ ಕೈ ರೇಖೆಯನ್ನು ಸಾಲಿನ ಗುಂಟ ಬಾಗಿಸುತ್ತಿತ್ತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಅದಿರಿನ ಅಂದಾಜಿಗಾಗಿ ಡ್ಯಾನಿ ಕ್ರೀಗ್ 1951ರಲ್ಲಿ ರೂಪಿಸಿದ, ಆಮೇಲೆ ಫ್ರಾನ್ಸಿನ ಜಾರ್ಜ್ ಮಾಥೆರೋನ್ ಸಿದ್ಧಾಂತವಾಗಿ ಕಟ್ಟಿದ ಕ್ರೀಗಿಂಗ್ ವಿಧಾನ ಈಗ ಹೆಚ್ಚು ಬಳಕೆಯಲ್ಲಿದೆ. ದೂರ ಹೆಚ್ಚಿದಂತೆ ಎರಡು ಜಾಗಗಳ ಮಳೆ ಎಷ್ಟು ಬೇರೆಯಾಗುತ್ತ ಹೋಗುತ್ತದೆಂದು ಮೊದಲು ಅಂಕಿಗಳಿಂದಲೇ ಕಲಿತು, ಅದಕ್ಕೆ ತಕ್ಕಂತೆ ಪ್ರತಿ ಕೇಂದ್ರಕ್ಕೂ ತೂಕ ಕೊಡುವುದು ಇದರ ಕ್ರಮ. ಎತ್ತರ, ಅಕ್ಷಾಂಶ, ರೇಖಾಂಶಗಳನ್ನೂ ಸೇರಿಸಬಹುದು. ಇದರ ದೊಡ್ಡ ಗುಣವೆಂದರೆ ಅಂದಾಜಿನ ಜೊತೆಗೆ ಆ ಅಂದಾಜು ಎಷ್ಟು ನಂಬಲರ್ಹ ಎಂಬುದನ್ನೂ ಲೆಕ್ಕ ಹಾಕಿ ಕೊಡುವುದು. ಬೆಟ್ಟದ ಯಾವ ಮೈಗೆ ಯಾವ ಕೇಂದ್ರ ಸಲ್ಲುತ್ತದೆಂದು ನೋಡುವ ಪ್ರಿಸಮ್ ವಿಧಾನವನ್ನು 1994ರಲ್ಲಿ ಅಮೆರಿಕದ ಕ್ರಿಸ್ಟೋಫರ್ ಡೇಲಿ ಪ್ರಕಟಿಸಿದರು. ಲುಮ್ಲೆಯ ಅಂಕಿ ಮುಸ್ತಾಂಗಿಗೆ ಹರಿಯದಂತೆ ತಡೆಯಲು ಬೇಕಾದ ವಿಚಾರ ಇದರಲ್ಲಿದೆ.

ಅಂತರ್ಜಾಲದಲ್ಲಿ ಯಾರಿಗೂ ಸಿಗುವ ವರ್ಲ್ಡ್‌ಕ್ಲಿಮ್‌ನಂಥ ಜಾಗತಿಕ ನಕ್ಷೆಗಳು ನೇಪಾಳವನ್ನೂ ಸುಮಾರು 1 ಕಿ.ಮೀ. ಚೌಕಗಳಲ್ಲಿ ತೋರಿಸುತ್ತವೆ. ಚೌಕ ಸಣ್ಣದಾದ ಮಾತ್ರಕ್ಕೆ ತಿಳಿವಳಿಕೆ ಹೆಚ್ಚಾಗುವುದಿಲ್ಲ. ದೇಶದ ವಿಸ್ತೀರ್ಣ ಸುಮಾರು 1,47,000 ಚದರ ಕಿ.ಮೀ.; ಅಂದರೆ ಅಷ್ಟೇ ಚೌಕಗಳು. 240 ಮಳೆ ಕೇಂದ್ರಗಳಿದ್ದರೆ ಒಂದು ಕೇಂದ್ರ ಸರಾಸರಿ 600ಕ್ಕೂ ಹೆಚ್ಚು ಚೌಕಗಳ ಪರವಾಗಿ ಸಾಕ್ಷಿ ಹೇಳಬೇಕು. ಪರ್ವತ ಪ್ರದೇಶದಲ್ಲಿ 250 ಚದರ ಕಿ.ಮೀ.ಗೆ ಕನಿಷ್ಠ ಒಂದು ಮಳೆಮಾಪಕ ಬೇಕೆಂಬುದು ವಿಶ್ವ ಹವಾಮಾನ ಸಂಸ್ಥೆಯ ಮಾರ್ಗದರ್ಶನ. ಸರಾಸರಿಯೂ ಇಲ್ಲಿ ಸಮಾಧಾನ ಕೊಡುವುದಿಲ್ಲ, ಏಕೆಂದರೆ ಕೇಂದ್ರಗಳು ಕೆಳಗೆ ಗುಂಪಾಗಿವೆ. ನೆಲದ ಸುಮಾರು ನಾಲ್ಕನೇ ಒಂದು ಭಾಗವಾದ ಉನ್ನತ ಹಿಮಾಲಯಕ್ಕೆ ಬೆರಳೆಣಿಕೆಯ ಕೇಂದ್ರಗಳೇ ಗತಿ.

ಕ್ಯೊಪೆನ್ ವರ್ಗೀಕರಣ

ಮಳೆ ಮತ್ತು ಉಷ್ಣತೆಯ ಮಾಸಿಕ ಸರಾಸರಿಗಳಿಂದ ವಾಯುಗುಣದ ಬಗೆಗಳನ್ನು ಗುರುತಿಸಲು ಜಗತ್ತಿನಾದ್ಯಂತ ಬಳಸುವುದು ವ್ಲಾದಿಮಿರ್ ಕ್ಯೊಪೆನ್ 19ನೇ ಶತಮಾನದ ಕೊನೆಯಲ್ಲಿ ಆರಂಭಿಸಿ, ರುಡಾಲ್ಫ್ ಗೈಗರ್ ಮುಂದುವರಿಸಿದ ವ್ಯವಸ್ಥೆ. ಉಷ್ಣವಲಯದ್ದು, ಶುಷ್ಕ, ಸಮಶೀತೋಷ್ಣ, ಶೀತ, ಧ್ರುವೀಯ ಎಂಬ ಐದು ಮುಖ್ಯ ವರ್ಗಗಳು, ಅವುಗಳೊಳಗೆ ಉಪವರ್ಗಗಳು. 2016ರಲ್ಲಿ ರಾಮಚಂದ್ರ ಕಾರ್ಕಿ ಮತ್ತು ಸಂಗಡಿಗರು ಪ್ರಕಟಿಸಿದ ನಕ್ಷೆ ನೇಪಾಳಕ್ಕೆ ಸಂಬಂಧಿಸಿ ಮುಖ್ಯವಾದದ್ದು. 1981ರಿಂದ 2010ರವರೆಗಿನ ಅವಧಿಯ 240 ಕೇಂದ್ರಗಳ ಮಳೆ ಮತ್ತು 74 ಕೇಂದ್ರಗಳ ಉಷ್ಣತೆಯ ಮಾಹಿತಿಯನ್ನು ಕ್ರೀಗಿಂಗ್‌ನಿಂದ 1 ಕಿ.ಮೀ. ಚೌಕಗಳಿಗೆ ಹರಡಿ ಅವರು ಅದನ್ನು ರಚಿಸಿದರು.

ಆಗ ಒಂದು ಸಮಸ್ಯೆ ಎದುರಾಯಿತು. ಅತಿ ತಣ್ಣನೆಯ ತಿಂಗಳ ಸರಾಸರಿ 18 ಡಿಗ್ರಿಗಿಂತ ಕೆಳಗಿಳಿಯಬಾರದು ಎಂಬುದು ಉಷ್ಣವಲಯಕ್ಕೆ ಕ್ಯೊಪೆನ್ ಹಾಕಿದ ಗೆರೆ. ಆ ಗೆರೆಯ ಪ್ರಕಾರ ನೇಪಾಳದಲ್ಲಿ ಉಷ್ಣವಲಯವೇ ಇಲ್ಲ. ಘೇಂಡಾಮೃಗ, ಆನೆ, ಸಾಲ್ ಕಾಡುಗಳ ಚಿತವನವನ್ನೂ ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ನೇಪಾಳಗಂಜನ್ನೂ ಸಮಶೀತೋಷ್ಣ ಎನ್ನಬೇಕಾಗುತ್ತದೆ. ಕಾರಣ ಜನವರಿಯ ಮಂಜು ಮತ್ತು ಅಕ್ಷಾಂಶ. ಸಂಶೋಧಕರು ಗೆರೆಯನ್ನು 18ರಿಂದ 14.5 ಡಿಗ್ರಿಗೆ ಇಳಿಸಿದರು. ಆಗ ಐದೂ ವರ್ಗಗಳು ನಕ್ಷೆಯಲ್ಲಿ ಕಾಣಿಸಿಕೊಂಡವು. ಹೆಚ್ಚು ನೆಲವನ್ನು ಆವರಿಸಿದ್ದು ಒಣ ಚಳಿಗಾಲ ಮತ್ತು ಬಿಸಿ ಬೇಸಿಗೆಯ ಸಮಶೀತೋಷ್ಣ ವಾಯುಗುಣ.

ಹೀಗೆ ಗೆರೆ ಬದಲಿಸುವುದರ ಬಗ್ಗೆ ಆಕ್ಷೇಪ ಇರಬಹುದು, ಜಗತ್ತಿನ ಇತರ ನಕ್ಷೆಗಳೊಡನೆ ನೇರ ಹೋಲಿಕೆ ಇದರಿಂದ ತಪ್ಪುತ್ತದೆ. ಆದರೂ ಈ ಬದಲಾವಣೆ ಸರಿಯೆಂದೇ ನನ್ನ ಎಣಿಕೆ. ಕ್ಯೊಪೆನ್ ಸ್ವತಃ ತನ್ನ ಗೆರೆಗಳನ್ನು ಆರಿಸಿಕೊಂಡದ್ದು ಸಸ್ಯವರ್ಗದ ಗಡಿಗಳನ್ನು ನೋಡಿಯೇ. ಕಾಡು ಹೇಳುವುದಕ್ಕೂ ಅಂಕಿ ಹೇಳುವುದಕ್ಕೂ ಹೊಂದಿಕೆ ತಪ್ಪಿದಾಗ ಅಂಕಿಯ ಗೆರೆಯನ್ನು ಸರಿಸುವುದು ಆ ವ್ಯವಸ್ಥೆಯ ಹುಟ್ಟಿಗೇ ಒಪ್ಪುವ ಮಾತು. ಹಾಗೆ ಸರಿಸಿದ್ದನ್ನು ಲೇಖಕರು ಬಹಿರಂಗವಾಗಿ ಹೇಳಿದ್ದಾರೆ, ಮೂಲ ಗೆರೆಯ ನಕ್ಷೆಯನ್ನೂ ಜೊತೆಗೇ ಕೊಟ್ಟಿದ್ದಾರೆ.

ಎತ್ತರದ ಕೇಂದ್ರಗಳು

ಎತ್ತರದ ಸೀಮೆಯಲ್ಲಿನ ಕೇಂದ್ರಗಳ ಕೊರತೆಯನ್ನು ತುಂಬುವ ಪ್ರಯತ್ನಗಳು ಹೆಚ್ಚಾಗಿ ವಿದೇಶಿ ಸಹಯೋಗದಲ್ಲಿ ನಡೆದಿವೆ. 1970ರ ದಶಕದಲ್ಲಿ ಜಪಾನಿನ ಹಿಮನದಿ ತಜ್ಞರು ಎವರೆಸ್ಟ್ ಇರುವ ಖುಂಬು ಪ್ರದೇಶದಲ್ಲಿ ಅಳತೆ ಆರಂಭಿಸಿದರು. 1987ರಲ್ಲಿ ಜರ್ಮನಿಯ ನೆರವಿನ ಯೋಜನೆಯಲ್ಲಿ ಲಾಂಗ್‌ಟಾಂಗ್ ಕಣಿವೆಯ ಕ್ಯಾಂಜಿನ್‌ನಲ್ಲಿ ಸುಮಾರು 3,900 ಮೀಟರ್ ಎತ್ತರದ ಕೇಂದ್ರ ಬಂತು. 1990ರಲ್ಲಿ ಇಟಲಿಯವರು ಎವರೆಸ್ಟಿನ ತಪ್ಪಲಲ್ಲಿ, ಲೋಬುಚೆಯ ಬಳಿ 5,050 ಮೀಟರ್ ಎತ್ತರದಲ್ಲಿ ಗಾಜಿನ ಪಿರಮಿಡ್ ಆಕಾರದ ಸಂಶೋಧನಾಲಯ ಕಟ್ಟಿದರು. 2019ರ ಬೇಸಿಗೆಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ತಂಡ ತ್ರಿಭುವನ ವಿಶ್ವವಿದ್ಯಾಲಯದ ಜೊತೆಗೂಡಿ ಫೋರ್ಟ್ಸೆ ಹಳ್ಳಿಯಿಂದ ಮೊದಲ್ಗೊಂಡು ಬೇಸ್ ಕ್ಯಾಂಪ್, ಎರಡನೇ ಶಿಬಿರ, 7,945 ಮೀಟರಿನ ಸೌತ್ ಕೋಲ್, 8,430 ಮೀಟರಿನ ಬಾಲ್ಕನಿ ಎಂಬ ಜಾಗದವರೆಗೆ ಐದು ಸ್ವಯಂಚಾಲಿತ ಕೇಂದ್ರಗಳನ್ನು ಇರಿಸಿತು. ಭಾರ ಹೊತ್ತು, ಕಂಬ ನೆಟ್ಟು ಆ ಕೆಲಸವನ್ನು ಸಾಧ್ಯವಾಗಿಸಿದವರು ಶೆರ್ಪಾಗಳು. ಬಾಲ್ಕನಿಯ ಕೇಂದ್ರ ಕೆಲವೇ ತಿಂಗಳಲ್ಲಿ ಮೌನವಾಯಿತು. 2022ರಲ್ಲಿ ಶಿಖರಕ್ಕೆ ತೀರಾ ಸಮೀಪ, 8,810 ಮೀಟರಿನಲ್ಲಿ ಇನ್ನೊಂದನ್ನು ನಿಲ್ಲಿಸಲಾಯಿತು.

ಇಂಥ ಸಾಹಸಗಳ ಬಗ್ಗೆ ಗೌರವವಿದೆ. ಆದರೆ ವಾಯುಗುಣಕ್ಕೆ ಬೇಕಾದದ್ದು 30 ವರ್ಷದ ಮುರಿಯದ ದಾಖಲೆ. ಯೋಜನೆ ಮುಗಿದು ಹಣ ನಿಂತ ಮೇಲೆ ಬ್ಯಾಟರಿ ಬದಲಿಸುವವರು, ಹಿಮ ಕೆರೆಯುವವರು, ಯಂತ್ರವನ್ನು ಹೋಲಿಸಿ ಸರಿಪಡಿಸುವವರು ಇಲ್ಲದಿದ್ದರೆ ಕೇಂದ್ರ ಇದ್ದೂ ಇಲ್ಲದಂತೆ. ಕ್ಯಾಂಜಿನ್‌ನಂಥ, ಜನ ಹೋಗಿಬರುವ ಎತ್ತರದ ಕೇಂದ್ರಗಳನ್ನು ದಶಕಗಳ ಕಾಲ ಬಿಡದೆ ನಡೆಸುವುದರಿಂದ ನಕ್ಷೆಗೆ ಆಗುವ ಉಪಕಾರ ದೊಡ್ಡದು.

ನಕ್ಷೆ ಹೇಳುವುದು, ಹೇಳದಿರುವುದು

ಅಣೆಕಟ್ಟಿನ ಕೋಡಿ ಎಷ್ಟು ಅಗಲವಿರಬೇಕು, ಯಾವ ಎತ್ತರದವರೆಗೆ ಭತ್ತ ನಾಟಬಹುದು, ಸೇಬಿಗೆ ಎಲ್ಲಿ ಚಳಿ ಸಾಕಾಗುತ್ತದೆ ಎಂಬ ತೀರ್ಮಾನಗಳಿಗೆಲ್ಲ ವಾಯುಗುಣ ನಕ್ಷೆ ಬೇಕು. ಆದರೆ ಅದು ಸರಾಸರಿಯ ಚಿತ್ರ. 1993ರ ಜುಲೈ 19-20ರಂದು ಕಾಠ್ಮಂಡುವಿನ ನೈಋತ್ಯದ ಟಿಸ್ಟುಂಗ್ ಕೇಂದ್ರದಲ್ಲಿ 24 ಗಂಟೆಗಳಲ್ಲಿ 540 ಮಿ.ಮೀ. ಮಳೆ ದಾಖಲಾಯಿತು. ಕುಲೇಖಾನಿ ಜಲಾಶಯಕ್ಕೆ ಅಪಾರ ಹೂಳು ನುಗ್ಗಿತು, ಬೆಟ್ಟಗಳು ಕುಸಿದವು, ಆ ಪ್ರವಾಹದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣದ ಬಳಿ ದಡ ಸೇರಿದ ಹುದ್‌ಹುದ್ ಚಂಡಮಾರುತದ ಉಳಿಕೆ ಎರಡು ದಿನದಲ್ಲಿ ಅನ್ನಪೂರ್ಣಾ ಸೀಮೆ ತಲುಪಿ ಥೋರಂಗ್ ಕಣಿವೆದಾರಿಯ ಮೇಲೆ ಹಿಮ ಸುರಿಸಿತು. 40ಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ನಕ್ಷೆಗಳ ಪ್ರಕಾರ ಅಕ್ಟೋಬರ್ ಶುಭ್ರವಾದ ಒಣ ತಿಂಗಳು, ಚಾರಣಿಗರು ಬರುವುದೂ ಅದಕ್ಕೇ.

2015ರ ಏಪ್ರಿಲ್ 25ರ ಭೂಕಂಪದಲ್ಲಿ ಲಾಂಗ್‌ಟಾಂಗ್ ಹಳ್ಳಿಯನ್ನು ಹಿಮಕುಸಿತ ಮುಚ್ಚಿಹಾಕಿತು. ಅದಕ್ಕೆ ಮುಂಚಿನ ಚಳಿಗಾಲದಲ್ಲಿ ಎತ್ತರದ ಇಳಿಜಾರುಗಳ ಮೇಲೆ ಅಸಾಧಾರಣ ಪ್ರಮಾಣದ ಹಿಮ ಶೇಖರವಾಗಿತ್ತು, ಅನಾಹುತ ಅಷ್ಟು ದೊಡ್ಡದಾಗಲು ಅದೂ ಕಾರಣ ಎಂದು ಜಪಾನಿನ ಕೋಜಿ ಫುಜಿತಾ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದರು. ಆ ಕಣಿವೆಯಲ್ಲಿ ಹವಾಮಾನ ಅಳತೆ ನಡೆಯುತ್ತಿದ್ದುದರಿಂದ ಈ ಮಾತು ಹೇಳಲು ಸಾಧ್ಯವಾಯಿತು. ಅಳತೆಯೇ ಇಲ್ಲದ ಕಣಿವೆಗಳಲ್ಲಿ ಅಂಥ ಹಿಮ ಸೇರಿದ್ದರೂ ನಮಗೆ ತಿಳಿಯುವುದಿಲ್ಲ.

ನಕ್ಷೆ ಸ್ಥಿರವಾಗಿಯೂ ನಿಲ್ಲುತ್ತಿಲ್ಲ. 49 ಕೇಂದ್ರಗಳ 1971ರಿಂದ 1994ರವರೆಗಿನ ದಾಖಲೆಯನ್ನು ಬಳಸಿ ಅರುಣ್ ಶ್ರೇಷ್ಠ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನ, ಗರಿಷ್ಠ ಉಷ್ಣತೆ ತರಾಯಿಗಿಂತ ಬೆಟ್ಟಗಳಲ್ಲಿ ವೇಗವಾಗಿ ಏರುತ್ತಿದೆ ಎಂದು ತೋರಿಸಿತು. ನೇಪಾಳದ ಇಲಾಖೆಯೇ 2017ರಲ್ಲಿ ಹೊರತಂದ ವರದಿಯ ಪ್ರಕಾರ 1971ರಿಂದ 2014ರವರೆಗೆ ದೇಶದ ಗರಿಷ್ಠ ಉಷ್ಣತೆ ವರ್ಷಕ್ಕೆ 0.056 ಡಿಗ್ರಿಯಂತೆ ಏರಿದೆ. ಕನಿಷ್ಠ ಉಷ್ಣತೆಯ ಏರಿಕೆ ನಗಣ್ಯ. ಹಗಲು ಬಿಸಿಯಾಗುತ್ತಿದ್ದು ರಾತ್ರಿ ಅಷ್ಟಾಗಿ ಬದಲಾಗದಿರುವುದಕ್ಕೆ ಕಾರಣ ಹುಡುಕುವಾಗ ತರಾಯಿಯ ಚಳಿಗಾಲದ ಮಂಜು, ಕೇಂದ್ರಗಳ ಸ್ಥಳ, ಯಂತ್ರಗಳ ಬದಲಾವಣೆ ಎಲ್ಲವನ್ನೂ ಪರೀಕ್ಷಿಸಬೇಕಾಗುತ್ತದೆ.

ಮುಂಗಾರಿನ ದಿನಾಂಕಗಳನ್ನೂ ಇಲಾಖೆ 2020ರಲ್ಲಿ ಪರಿಷ್ಕರಿಸಿತು. ಮುಂಗಾರು ನೇಪಾಳ ಪ್ರವೇಶಿಸುವ ವಾಡಿಕೆಯ ದಿನ ಜೂನ್ 10ರ ಬದಲು ಜೂನ್ 13 ಆಯಿತು, ಹಿಂದೆ ಸರಿಯುವ ದಿನ ಸೆಪ್ಟೆಂಬರ್ 23ರಿಂದ ಅಕ್ಟೋಬರ್ 2ಕ್ಕೆ ಹೋಯಿತು. ಹಳೆಯ ದಿನಾಂಕಗಳ ಮೇಲೆ ಬಿತ್ತನೆ, ಕೊಯ್ಲು, ಚಾರಣದ ಪಂಚಾಂಗ ಹಾಕಿಕೊಂಡವರು ಅದನ್ನು ತಿದ್ದಿಕೊಳ್ಳಬೇಕು.